ಕೇಳದೆ ಬರುವ ಬಾಯಿನೀರು

ಒಲೆಯ ಮೇಲಿಟ್ಟ ಹಾಲನ್ನು ಕಾಯುವ ಕೆಲಸ ನನಗೆ ಒಪ್ಪಿಸಿದರೆ ಅದು ಉಕ್ಕಿದ ಹಾಗೆಯೇ ಲೆಕ್ಕ. ಎದುರಿಗೇ ನಿಂತು, ದೇವರನಾಮ ಗುನುಗುತ್ತಾ, ಕಣ್ಣು ಮಿಟುಕಿಸದೆ ನೋಡುತ್ತಿರುತ್ತೇನೆ. ಎರಡನೆಯ ಚರಣ ನೆನಪಾಗದೆ ಅರೆಕ್ಷಣ ತಲೆಯೆತ್ತಿ ಮಾಡಿನ ಹಂಚು ನೋಡಿದೆನೋ, ಹಾಲು ಅಗ್ನಿಗೆ ಸಮರ್ಪಿತ. ಇಂಥವಳ ಕೈಗೆ ಸ್ವಂತ ಹೃದಯ ಬಡಿಯುವಂತೆ ನೋಡಿಕೊಳ್ಳುವ ಜವಾಬ್ದಾರಿ ವಹಿಸದಿದ್ದುದು ಭಗವಂತನ ದೊಡ್ಡ ಕರುಣೆ. ವಹಿಸಿದ್ದರೆ, ಮದುವೆಯಾದ ಮರುವಾರವೇ ಬೇಲಿಯ ಬಳಿ ಪಕ್ಕದ ಮನೆಯವಳೊಡನೆ ಮಾತಾಡುತ್ತಾ ನಿಂತು ಮರೆತೇಬಿಡುತ್ತಿದ್ದೆ.

ಇದನ್ನೆಲ್ಲ ನೋಡಿಕೊಳ್ಳಲು ಒಳಗೆ ಸ್ವನಿಯಂತ್ರಿತ ನರವ್ಯೂಹ ಎಂಬ ಪ್ರತ್ಯೇಕ ಆಡಳಿತವಿದೆ ಎಂದು ನನಗೆ ತಿಳಿಸಿದವರು ಕೋಟೇಶ್ವರದ ಡಾಕ್ಟರಮ್ಮ. ಅದರಲ್ಲಿ ಇಬ್ಬರು ಓರಗಿತ್ತಿಯರಂತೆ. ಒಬ್ಬಳಿಗೆ ಸದಾ ಗಾಬರಿ: ನಾಯಿ ಅಟ್ಟಿಸಿಕೊಂಡು ಬಂದರೆ ಎದೆ ಬಡಿತ ಏರಿಸಿ, ಬಾಯಿ ಒಣಗಿಸಿ, ಹೊಟ್ಟೆಯ ಕೆಲಸವನ್ನೆಲ್ಲ ನಿಲ್ಲಿಸಿ ಓಡು ಎನ್ನುವವಳು. ಇನ್ನೊಬ್ಬಳು ಸಮಾಧಾನಿ: ಕೂತುಕೋ, ಉಣ್ಣು ಎಂದು ಬಾಯಲ್ಲಿ ನೀರೂರಿಸಿ, ಕರುಳನ್ನು ಮೆಲ್ಲಗೆ ಉರುಳಿಸುವವಳು. ಇಬ್ಬರೂ ನಮ್ಮನ್ನು ಒಂದು ಮಾತೂ ಕೇಳುವುದಿಲ್ಲ.

ಈ ಸಮಾಧಾನದ ಓರಗಿತ್ತಿಗೂ ನನ್ನ ಅತ್ತೆಗೂ ಮಾತ್ರ ಇಪ್ಪತ್ತಾರು ವರ್ಷಗಳ ವೈಮನಸ್ಯ. ಕೋಟದ ನಮ್ಮ ಮನೆಯಲ್ಲಿ ನೈವೇದ್ಯದ ಅಡುಗೆಯ ರುಚಿ ನೋಡುವಂತಿಲ್ಲ. ಅದು ಎಲ್ಲರ ಮನೆಯ ಕ್ರಮ. ಅತ್ತೆಯ ಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ: ಮಾಡುವಾಗ ಬಾಯಿನೀರು ನುಂಗಿದರೂ ಎಂಜಲು. ನಾನು ಮದುವೆಯಾಗಿ ಬಂದ ವರ್ಷ ಚೌತಿಯ ದಿನ, ಅರಿಶಿನ ಎಲೆಯ ಕಡುಬಿನ ಹಬೆ ಮೂಗಿಗೆ ಬಡಿದು ಗುಟುಕ್ಕೆಂದೆ. ನಡುಮನೆಯಿಂದ ಅತ್ತೆಯ ದನಿ ಬಂತು: "ಹೆಣೆ, ಈಗ ನುಂಗ್ದದ್ ಎಂತ?"

ಇಪ್ಪತ್ತೊಂದು ಕಡುಬೂ ದನದ ಹೊಟ್ಟೆ ಸೇರಿದವು. ಹೊಸತು ಬೆಂದು ನಾವು ಉಂಡಾಗ ಗಂಟೆ ನಾಲ್ಕು. ಮರುವರ್ಷ ಸೆರಗು ಕಚ್ಚಿಕೊಂಡು ಕಡುಬು ಮಾಡಿದೆ. ಬಾಯಿಗೆ ಏನಾದರೂ ಸಿಕ್ಕಿದರೆ ನೀರು ಇನ್ನೂ ಜಾಸ್ತಿ ಎಂಬ ವಿಜ್ಞಾನ ಆಗ ಗೊತ್ತಿರಲಿಲ್ಲ. ಕೊನೆಗೆ ಕಂಡುಕೊಂಡ ಉಪಾಯ, ಬಾವಿಕಟ್ಟೆಗೆ ಓಡಿ ನುಂಗಿ ಬರುವುದು. ಪ್ರತಿ ಚೌತಿಗೂ ನಾನು ಹತ್ತಾರು ಸಲ ಹಿತ್ತಲಿಗೆ ಓಡುವುದನ್ನು ಕಂಡ ಯಜಮಾನರು, ಹಬ್ಬ ಬಂದರೆ ಇವಳಿಗೆ ಹೊಟ್ಟೆ ಕೆಡುತ್ತದೆ ಎಂದೇ ಬಹಳ ಕಾಲ ತಿಳಿದಿದ್ದರು.

ಈ ವರ್ಷ ಆಸಾಡಿ ತಿಂಗಳಲ್ಲಿ ಅತ್ತೆಗೆ ಜ್ವರ ಬಂದು ಹೋಯಿತು. ಹೋಗುವಾಗ ಹಸಿವನ್ನೂ ಕರೆದುಕೊಂಡು ಹೋಯಿತು. "ಬೇಡ ಹೆಣೆ, ಬಾಯಿ ಒಣ್ಗಿ ಹೋಯ್ತ್. ಎಂತ ತಿಂದ್ರೂ ಮಣ್ಣ್ ತಿಂದಾಂಗ್ ಆತ್ತ್" ಎಂದು ಗಂಜಿಯ ತಿಳಿಯನ್ನೂ ದೂಡುವರು. ಚಿನ್ನದ ಬಳೆ ಮೊಣಕೈವರೆಗೆ ಜಾರತೊಡಗಿತು. ನನಗೆ ಭಯವಾಗಿ ಬಸ್ಸು ಹತ್ತಿಸಿ ಕೋಟೇಶ್ವರಕ್ಕೆ ಕರೆದುಕೊಂಡು ಹೋದೆ. ತಲೆ ತಿರುಗುವುದಕ್ಕೆಂದು ನುಂಗುತ್ತಿದ್ದ ಮಾತ್ರೆಯೂ ಬಾಯಿ ಒಣಗಿಸಬಹುದು ಎಂದು ಡಾಕ್ಟರಮ್ಮ ಅದನ್ನು ಬದಲಿಸಿದರು. "ಬಾಯಿನೀರು ಅಪ್ಪಣೆ ಕೊಟ್ರೆ ಬಪ್ಪುದಲ್ಲ ಅಕ್ಕ. ಅದಾಗಿ ಬರ್ಕ್, ಕಾಯ್ಕ್" ಎಂದರು. ಕಾದೆವು. ಬರಬೇಡ ಎಂದಾಗ ನನಗೆ ಇಪ್ಪತ್ತಾರು ವರ್ಷ ತಪ್ಪದೆ ಬಂದದ್ದು, ಬಾ ಎಂದು ಹರಕೆ ಹೊತ್ತರೂ ಅತ್ತೆಗೆ ಬರಲಿಲ್ಲ.

ಚೌತಿ ಬಂತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು, ಗೋಡೆಗೊರಗಿ, ಮೇಲ್ವಿಚಾರಣೆಗೆ ಕೂತರು. ನಾನು ಅಷ್ಟರಲ್ಲಿ ನಾಲ್ಕು ಸಲ ಬಾವಿಕಟ್ಟೆಗೆ ಹೋಗಿಬಂದಿದ್ದೆ. ಮುಚ್ಚಳ ತೆಗೆದೆ. ಅರಿಶಿನ ಎಲೆ, ಬೆಲ್ಲ, ಏಲಕ್ಕಿ ಒಟ್ಟಾಗಿ ಮೇಲೆದ್ದವು.

ಗುಟುಕ್.

ನಾನಲ್ಲ. ತಿರುಗಿ ನೋಡಿದೆ. ಅತ್ತೆ ತಲೆಯೆತ್ತಿ ಬಹಳ ಶ್ರದ್ಧೆಯಿಂದ ಮಾಡಿನ ಪಕಾಸಿನ ಮರಗಳನ್ನು ಎಣಿಸುತ್ತಿದ್ದರು.

"ಎಂತ ಕಾಂಬುದ್?" ಎಂದರು. "ಅಡ್ಗಿ ಮಾಡ್ದವಳ್ ನೀನ್. ನಾನ್ ಬರೀ ಕೂಕಂಡದ್ ಅಲ್ದಾ?"

"ನಾನೆಂತ ಹೇಳ್ಲಿಲ್ಲೆ ಅತ್ತೆ" ಎಂದೆ; ಕಣ್ಣಲ್ಲೂ ನೀರು. ಅದನ್ನೂ ನಾನು ಕರೆದಿರಲಿಲ್ಲ.

ಅತ್ತೆ ದೇವರ ಕೋಣೆಯತ್ತ ಕೊರಳು ಚಾಚಿದರು. "ಹ್ವಾಯ್ ಮಾಣಿ! ಆ ಮಂತ್ರ ಅಷ್ಟ್ ಎಳಿಬೇಡ. ಗಣಪತಿಗೆ ಹಶು ತಡುಕಾತಿಲ್ಲೆ!"

ಐವತ್ತೆರಡು ವರ್ಷದ ಮಾಣಿ, ಅಂದರೆ ನಮ್ಮ ಯಜಮಾನರು, ಗಾಬರಿಯಿಂದ ವೇಗ ಹೆಚ್ಚಿಸಿದರು. ಮಂಗಳಾರತಿಯಾಯಿತು. ಅತ್ತೆ ಎಲೆಯ ಮುಂದೆ ಕೂತು ಒಂದು ಕಡುಬು ಮುಗಿಸಿದರು, ಮತ್ತೊಂದನ್ನು ಮುಗಿಸಿದರು, ಮೂರನೆಯದನ್ನು ಅರ್ಧ ತಿಂದು ನಿಲ್ಲಿಸಿ, ನಾಲಿಗೆ ಚಪ್ಪರಿಸಿ, ನನ್ನತ್ತ ಹಳೆಯ ದೃಷ್ಟಿ ಬೀರಿದರು.

"ಬೆಲ್ಲ ಒಂಚೂರ್ ಕಮ್ಮಿ ಆಯ್ತ್ ಹೆಣೆ."

ಹೌದು ಅತ್ತೆ ಎಂದು ಇನ್ನೊಂದು ಬಡಿಸಿದೆ.