ಕಡಲಿ ಹೊಲದ ಕರಿ ಚಿರತಿ

ಚಿರತೆ ಕಂಡಿತು ಎಂದು ಯಾರಾದರೂ ಫೋನ್ ಮಾಡಿದರೆ ಅಲ್ಲಿಗೆ ಓಡುವುದೇ ಅರಣ್ಯ ಇಲಾಖೆಯಲ್ಲಿ ನನ್ನ ನೌಕರಿ. ಆ ಸಲ ಕೊರ್ಲಹಳ್ಳಿ ಹತ್ತಿರ ಕರಿ ಚಿರತೆಯೇ ಬಂದಿದೆ ಅಂದರು. ಕ್ಯಾಮೆರಾ ಹಿಡಿದು ಹೋದೆ. ಹೊಲದೊಡತಿ ನೀಲವ್ವ ಬದುವಿನ ಮೇಲೆ ಕೂತಿದ್ದಳು.

"ಎಲ್ಲಿ ನೋಡಿದಿ ಯವ್ವಾ?"

"ಇಲ್ಲೇ, ದಾರಿ ಬಾಜೂಕ. ಎಮ್ಮಿಕರದಷ್ಟು ಐತ್ರಿ."

ಹೊಲವೆಲ್ಲ ತಿರುಗಿದರೂ ಸಿಕ್ಕಿದ್ದು ನಾಯಿಯ ಹೆಜ್ಜೆ ಮಾತ್ರ. "ಚಿರತಿ ಇಲ್ಲ. ಅಂಜಬ್ಯಾಡ್ರಿ ಅಂತ ಊರಾಗ ಹೇಳಿ ಹೋಗ್ತೀನಿ" ಅಂದೆ. ನೀಲವ್ವನ ಮುಖ ಸಣ್ಣದಾಯಿತು.

"ಹಂಗ ಮಾಡಬ್ಯಾಡ್ರಿ ಸಾಹೇಬ್ರ. ಕಡಲಿ ಇನ್ನೂ ಹಸಿ ಐತಿ. ಹೋಗೋರು ಬರೋರು ಎಲ್ಲಾರೂ ಗಿಡ ಕಿತ್ತು ತಿನ್ಕೋತ ಹೋಗ್ತಾರ. ಬ್ಯಾಡ ಅಂದ್ರ ನನ್ನ ಜಿಪುಣಿ ಅಂತಾರ. ಚಿರತಿ ಬಂದಾಗಿಂದ ಒಬ್ಬರೂ ಈ ಕಡೆ ಹಾಯ್ದಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ತೆಕ್ಕೆ ಕಡಲೆಗಿಡ ಕಿತ್ತು ಜೀಪಿನೊಳಗೆ ಇಟ್ಟೇಬಿಟ್ಟಳು. ಊರಲ್ಲಿ ಕೇಳಿದವರಿಗೆಲ್ಲ "ಹುಡುಕಾಕ ಹತ್ತೇವಿ" ಅಂದೆ, ಕಡಲೆ ಸುಲಿಯುತ್ತಲೇ.

ಜೋಳದ ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಕಾಲಕ್ಕೆ ಅದೇ ಚಿರತೆ ಪಕ್ಕದೂರಿನ ಜೋಳದ ಹೊಲದಲ್ಲಿ ಕಾಣಿಸಿತು. ಈ ಸಲ ಕ್ಯಾಮೆರಾ ಮನೆಯಲ್ಲೇ ಬಿಟ್ಟು, ಚೀಲ ತಗೊಂಡು ಹೋದೆ.