ಕೊಸರಿನ ಹನಿ

ಸಿಗರೇಟು ಬಿಡಲು ನನ್ನ ಗಂಡ ಮಾಡದ ಪ್ರಯತ್ನವಿಲ್ಲ. ಬಿಡುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರು. ಲವಂಗ ಅಗಿದರು, ಬಡೇಸೋಪು ಅಗಿದರು, ಮನೆದೇವರ ಮೇಲೆ ಆಣೆ ಮಾಡಿ ಎರಡು ದಿನ ಕಳೆಯುವಷ್ಟರಲ್ಲಿ ದೇವರ ಕ್ಷಮೆಯನ್ನೂ ಕೇಳಿದರು. ವಿಜಯಪುರದ ಕಡೆಯಿಂದ ಪುಣೆಗೆ ಬಂದವರು ನಾವು. ಕೊಂಢವಾದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಅವರು ದಿನವಿಡೀ ನಿಂತೇ ವ್ಯಾಪಾರ ಮಾಡುತ್ತಿದ್ದರು. ಕುರ್ಚಿ ಇತ್ತು, ಅದರ ಮೇಲೆ ಬೆಲ್ಲದ ಪೆಂಟೆ ಕೂತಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ಎಡಗಾಲಿನ ಹೆಬ್ಬೆರಳಿಗೆ ಸಣ್ಣ ಗಾಯವಾಯಿತು. ಅರಿಸಿನ ಹಚ್ಚಿದೆ, ಮುಲಾಮು ಹಚ್ಚಿದೆ, ಮಾಯಲಿಲ್ಲ. ದೊಡ್ಡ ಡಾಕ್ಟರ ಹತ್ತಿರ ಹೋದೆವು. ತಂಬಾಕಿನಿಂದ ಕಾಲಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತಿವೆ, ತಂಬಾಕು ಬಿಡದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಅವರು ಮರಾಠಿಯಲ್ಲಿ ನೇರವಾಗಿ ಹೇಳಿಬಿಟ್ಟರು. 

ಸರ್ಕಾರ ಇ-ಸಿಗರೇಟನ್ನು ನಿಷೇಧಿಸುವುದಕ್ಕೆ ಮುಂಚಿನ ಮಾತಿದು. ಎದುರಿನ ಕಟ್ಟಡದಲ್ಲಿ ಬೆಂಗಳೂರು ಕಡೆಯ ಯುವಕನೊಬ್ಬ ಇದ್ದ, ಹಡಪಸರದ ಕಂಪನಿಯಲ್ಲಿ ಕೆಲಸ. ಹಾಲು ಒಯ್ಯಲು ಬಂದವನು ಜೇಬಿನಿಂದ ಬ್ಯಾಟರಿಯ ಕೊಳವೆ ತೆಗೆದು ತೋರಿಸಿದ. "ಇದ್ರಲ್ಲಿ ಹೊಗೇನೇ ಇಲ್ಲ ಅಂಕಲ್. ಲಿಕ್ವಿಡ್ ಮನೇಲೇ ಮಿಕ್ಸ್ ಮಾಡ್ಕೊಳ್ಳಿ. ಪ್ರತಿ ಸಲ ನಿಕೋಟಿನ್ ಸ್ವಲ್ಪ ಕಮ್ಮಿ ಮಾಡ್ತಾ ಹೋದ್ರೆ ಜೀರೋಗೆ ಬಂದ್ಬಿಡ್ತೀರಾ" ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕಾಲಿನ ವಿಷಯ ಅವನಿಗೆ ನಾವು ಹೇಳಿರಲಿಲ್ಲ.

ಮರುವಾರ ಮನೆಗೆ ಪೆಟ್ಟಿಗೆ ಬಂತು. ಅಂಥದೇ ಒಂದು ಕೊಳವೆ, ಗ್ಲಿಸರಿನ್, ನಿಕೋಟಿನ್ನಿನ ಬಾಟಲಿ, ಸೂಜಿಯಿಲ್ಲದ ಸಿರಿಂಜು, ರಬ್ಬರಿನ ಕೈಗವಸು, ಸುವಾಸನೆಯ ಸೀಸೆಗಳು. ಬಾಟಲಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು.

"ನನ್ನ ಅಡಿಗಿಮನ್ಯಾಗ ಇದನ್ನ ತರಬ್ಯಾಡ್ರಿ" ಎಂದೆ.

"ಔಷಧ ಅದ ಇದು."

"ಬುರುಡಿ ಚಿತ್ರ ಇರೋ ಔಷಧ ನಾ ಎಲ್ಲೂ ನೋಡಿಲ್ಲ."

ಹಾಗಾಗಿ ಅವರ ಪ್ರಯೋಗಶಾಲೆ ಬಾಲ್ಕನಿಯಲ್ಲಿ, ವಾಷಿಂಗ್ ಮಶೀನಿನ ಮೇಲೆ ಶುರುವಾಯಿತು. ಮೊದಲು ಸ್ಟ್ರಾಬೆರಿ ಬೆರೆಸಿದರು. ಚಿಕ್ಕ ಮಕ್ಕಳ ಕೆಮ್ಮಿನ ಔಷಧದ ಹಾಗಿದೆ ಎಂದು ಚೆಲ್ಲಿದರು. ಆಮೇಲೆ ಏಲಕ್ಕಿ ಹಿಡಿಸಿತು. ಅಂದಿನಿಂದ ಮನೆಯೆಲ್ಲ ಏಲಕ್ಕಿ. "ಹೋಳಿಗಿ ಮಾಡೀರೇನ್ರಿ?" ಎಂದು ಪಕ್ಕದ ಮನೆಯವರು ಕೇಳಿದಾಗ ನಾನು "ಹೌದ್ರಿ" ಎಂದುಬಿಟ್ಟೆ. ಆಮೇಲೆ ನಿಜವಾಗಿಯೂ ಬೇಳೆ ಬೇಯಿಸಿ ಹೋಳಿಗೆ ಮಾಡಿ ಕೊಡಬೇಕಾಯಿತು. ಅವತ್ತು ಇಬ್ಬರೂ ತುಂಬಾ ನಕ್ಕೆವು. ಸಿಗರೇಟು ಮುಟ್ಟದೆ ಅಷ್ಟು ದಿನ ಅವರು ಇದ್ದದ್ದು ಅದೇ ಮೊದಲು, ನನಗೆ ಧೈರ್ಯ ಬಂದಿತ್ತು.

ಒಂದು ಭಾನುವಾರ ಬಟ್ಟೆ ಒಣಗಿಸುತ್ತ ಅವರು ಬೆರೆಸುವುದನ್ನು ನೋಡಿದೆ. ಕನ್ನಡಕ ಮೂಗಿನ ತುದಿಗಿಳಿಸಿ, ಸಿರಿಂಜಿನ ಗೆರೆಗೆ ಸರಿಯಾಗಿ ನಿಕೋಟಿನ್ ಎಳೆದು ಬಾಟಲಿಗೆ ಬಿಟ್ಟರು. ಅಷ್ಟಕ್ಕೆ ಮುಗಿಯಬೇಕಿತ್ತು. ಮತ್ತೆ ಸಿರಿಂಜು ಅದ್ದಿ, ಮೇಲೊಂದು ಹನಿ ಹಾಕಿದರು. ಅಂಗಡಿಯಲ್ಲಿ ತಕ್ಕಡಿ ಸಮನಾಗಿ ನಿಂತ ಮೇಲೂ ಒಂದು ಹಿಡಿ ಬೇಳೆ ಗಿರಾಕಿಯ ಚೀಲಕ್ಕೆ ಸುರಿಯುವ ಅದೇ ಕೈ.

"ಇದು ಯಾರಿಗ್ರೀ ಕೊಸರು?"

"ಗಿರಾಕಿಗೆ."

"ಯಾವ ಗಿರಾಕಿ?"

"ನಾನ ಅಲ್ಲೇನ? ದಿನಾ ಬರೋ ಗಿರಾಕಿ, ನಾರಾಜ ಮಾಡಬಾರದು."

"ಹಿಂಗ ಕೊಸರು ಕೊಟ್ಕೋತ ಹೋದ್ರ ಸೊನ್ನಿ ಯಾವಾಗ ಆಗೋದ್ರಿ?"

"ಆಗ್ತದ ತಗೋ."

ಹುಟ್ಟುಗುಣ ಸುಟ್ಟರೂ ಹೋಗದು. ಒಂದು ವಾರ ಗೆರೆ ಇಳಿಸುವರು, ಮರುವಾರ ಕೊಸರು ಹೆಚ್ಚಿಸುವರು. ಆ ಒಂದು ಹನಿಯಿಂದಲೇ ಎಲ್ಲ ಕೆಟ್ಟಿತೆಂದು ನಾನು ಹೇಳುವುದಿಲ್ಲ. ಹನಿ ಬಿದ್ದ ಇಡೀ ಬಾಟಲಿಯೇ ಆ ಕಾಲಿಗೆ ವಿಷವೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹೊಗೆ ಹೋಯಿತು, ಪೀಡೆ ಹೋಯಿತು ಎಂದುಕೊಂಡಿದ್ದೆವು.

ದೀಪಾವಳಿ ಹೊತ್ತಿಗೆ ಹೆಬ್ಬೆರಳು ಕಪ್ಪಾಯಿತು. ಡಾಕ್ಟರು ತಂಬಾಕು ಬಿಟ್ಟಿರಾ ಎಂದು ಕೇಳಿದರು. ಇವರು ಹೆಮ್ಮೆಯಿಂದ ಜೇಬಿನ ಕೊಳವೆ ತೆಗೆದು ಮೇಜಿನ ಮೇಲಿಟ್ಟು, "ಧೂರ ನಾಹೀ ಸಾಹೇಬ, ನುಸ್ತೀ ವಾಫ" ಎಂದರು. ಹೊಗೆಯಿಲ್ಲ, ಬರೀ ಹಬೆ. ಡಾಕ್ಟರು ಅದನ್ನು ಮೂಸಿ ನೋಡಿ ಕಣ್ಣು ಮುಚ್ಚಿಕೊಂಡರು. ಈ ರೋಗದಲ್ಲಿ ಹೊಗೆಯೊಂದೇ ಶತ್ರುವಲ್ಲ, ನಿಕೋಟಿನ್ ಯಾವ ದಾರಿಯಿಂದ ಬಂದರೂ ರಕ್ತನಾಳವನ್ನು ಹಿಂಡುತ್ತದೆ ಎಂದರು.

ಅಂದೇ ಮನೆಗೆ ಬಂದು ಎಲ್ಲವನ್ನೂ ಕಟ್ಟಿ ಎಸೆದರು. ಮತ್ತೆ ಸಿಗರೇಟನ್ನೂ ಮುಟ್ಟಲಿಲ್ಲ, ಕೊಳವೆಯನ್ನೂ ಮುಟ್ಟಲಿಲ್ಲ. ಒಂದೇ ಮಾತಿಗೆ ಬಿಟ್ಟರು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಬಿಡಲು ಬರುತ್ತಿತ್ತು ಈ ಮನುಷ್ಯನಿಗೆ! ಸಿಟ್ಟು ಇಳಿದ ಮೇಲೆ ಅಳು ಬರುತ್ತದೆ.

ಆದರೆ ಕಪ್ಪು ನಿಲ್ಲಲಿಲ್ಲ, ಪಾದದ ಮೇಲೇರಿತು. ಆಪರೇಷನ್ನಿನ ಬೆಳಿಗ್ಗೆ ಡಾಕ್ಟರು ಹಾಸಿಗೆಯ ಹತ್ತಿರ ಬಂದರು. ನನ್ನ ಗಂಡ ಎಂದೂ ಯಾರೊಂದಿಗೂ ಚೌಕಾಶಿ ಮಾಡಿದವರಲ್ಲ. ಅಷ್ಟು ವರ್ಷ ಮರಾಠಿಯಲ್ಲೇ ವ್ಯಾಪಾರ ಮಾಡಿದ ಅವರ ಬಾಯಿಂದ ಅಂದು ಒಂದೂ ಮರಾಠಿ ಮಾತು ಹೊರಡಲಿಲ್ಲ. "ಹಿಮ್ಮಡ ಒಂದ ಬಿಡ್ರಿ ಸಾಹೇಬ್ರ. ಹಿಮ್ಮಡ ಇದ್ರ ನಿಂದರತೀನಿ" ಎಂದು ಕನ್ನಡದಲ್ಲೇ ಬೇಡಿದರು. ಡಾಕ್ಟರಿಗೆ ತಿಳಿಯಲಿಲ್ಲ. ಇವರು ನನ್ನ ಕೈ ಹಿಡಿದು, "ನೀ ಹೇಳ ಅವರಿಗೆ" ಎಂದರು.

ನನಗೆ ಉತ್ತರ ಗೊತ್ತಿತ್ತು. ಆದರೂ ಹೇಳಿದೆ. "ಟಾಚ ತರೀ ಠೇವಾ, ಡಾಕ್ಟರ್."

ಹಿಮ್ಮಡಿಯನ್ನಾದರೂ ಉಳಿಸಿ ಎಂಬ ಆ ಮಾತನ್ನು ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೊದಿಕೆ ಸರಿಸಿ, ಪೆನ್ನು ತೆಗೆದು, ಮೊಣಕಾಲಿನ ಕೆಳಗೆ ಗೆರೆ ಎಳೆದರು.