ಕತ್ತರಿ ಮಾವ ಮೊಲದ ಕಿವಿ ಸರಿ ಮಾಡಿದ್ದು

ಕತ್ತರಿ ಮಾವನ ಸಲೂನಿಗೆ ಹೋದವರು ಮೊದಲು ಹೂಕುಂಡಗಳನ್ನು ದಾಟಬೇಕಿತ್ತು, ಕುರ್ಚಿ ಸಿಗುವುದು ಆಮೇಲೆ. ಬಾಗಿಲ ಎರಡೂ ಪಕ್ಕ, ಕಿಟಕಿಯ ಅಂಚು, ಕೊನೆಗೆ ಕನ್ನಡಿಯ ಕೆಳಗಿನ ಹಲಗೆ, ಎಲ್ಲೆಲ್ಲೂ ಗಿಡ. ಖಾಲಿ ಶಾಂಪೂ ಡಬ್ಬಿಯಲ್ಲಿ ಜೆರೇನಿಯಂ, ಒಡೆದ ಬಕೆಟ್ಟಿನಲ್ಲಿ ಡೇಲಿಯಾ. ಗುಡಿಸಿದ ಕೂದಲೆಲ್ಲ ಗೊಬ್ಬರವಾಗಿ ಅವುಗಳ ಬುಡ ಸೇರುತ್ತಿತ್ತು. “ನನ್ನ ತಲೇಲಿ ನಿಲ್ಲದ್ದು ನಿಮ್ಮ ಡೇಲಿಯಾದಲ್ಲಾದ್ರೂ ನಿಲ್ಲಲಿ” ಎಂದು ಅರ್ಧ ಬೋಳಾದ ಅಂಚೆಯವರು ಬಂದಾಗಲೆಲ್ಲ ಹೇಳುವರು. ಮಾವ ಪ್ರತಿಸಲವೂ ಅದೇ ಮೊದಲು ಕೇಳಿದವರಂತೆ ನಗುವರು.

ಬೀದಿಗೆಲ್ಲ ಅವರು ಮಾವನಾದ್ದರಿಂದ ಅವರ ಹೆಂಡತಿ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವಾಕೆ, ತಾನಾಗಿಯೇ ಎಲ್ಲರಿಗೂ ಅತ್ತೆಯಾಗಿದ್ದರು. ಗಂಡನ ಒಂದೇ ಒಂದು ಕಾಯಿಲೆ ಅತ್ತೆಗೆ ಚೆನ್ನಾಗಿ ಗೊತ್ತಿತ್ತು: ಏನಾದರೂ ಏರುಪೇರಾಗಿ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವರ ಶಾಲಿನ ಅಂಚನ್ನು ಅವರಿಗೇ ತಿಳಿಯದಂತೆ ಸಮ ಮಾಡಲು ಹೋಗಿ ಸಿಕ್ಕಿಬಿದ್ದು, ಇಳಿಯುವ ತನಕ ಬೈಸಿಕೊಂಡಿದ್ದರು.

ಹಾಗಾಗಿ ಬೇಸಿಗೆಯ ಹೂವಿನ ಪ್ರದರ್ಶನಕ್ಕೆ ಹೊರಟ ಬೆಳಿಗ್ಗೆ ಅತ್ತೆ ಬಾಗಿಲಲ್ಲೇ ಕೈ ಚಾಚಿ ನಿಂತರು.

“ಕತ್ತರಿ ಕೊಡಿ.”

“ಹೂವು ನೋಡೋಕೆ ಹೋಗೋನಿಗೆ ಕತ್ತರಿ ಯಾಕೆ?” ಎನ್ನುತ್ತಲೇ ಮಾವ ಪ್ಯಾಂಟಿನ ಜೇಬಿನಿಂದ ದೊಡ್ಡ ಕತ್ತರಿ ತೆಗೆದುಕೊಟ್ಟರು. ಮೀಸೆ ಕತ್ತರಿಸುವ ಪುಟ್ಟ ಕತ್ತರಿ ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಇತ್ತು. ಅದನ್ನು ಬಚ್ಚಿಟ್ಟರು ಎನ್ನುವುದು ಅನ್ಯಾಯ. ಅದು ಅಲ್ಲಿರುವುದನ್ನು ಅವರು ಮರೆತೇ ಬಿಟ್ಟಿದ್ದರು.

ಪ್ರದರ್ಶನದ ಮೈದಾನದಲ್ಲಿ ಮಾವನಿಗೆ ನೆಲ ಕಾಣಲಿಲ್ಲ. ತೂಗುಬುಟ್ಟಿಯಿಂದ ಇಳಿಬಿದ್ದ ಪೆಟೂನಿಯಾ, ಸೀಸೆಗೊಂದರಂತೆ ನಿಂತ ಗುಲಾಬಿ, ಊಟದ ತಟ್ಟೆಯಷ್ಟಗಲದ ಡೇಲಿಯಾ. ಡೇಲಿಯಾ ಬೆಳೆದವನನ್ನು ಹಿಡಿದು, “ಬುಡಕ್ಕೆ ಏನು ಹಾಕ್ತೀರಿ?” ಎಂದು ಕೇಳಿದರು. “ನೀರು” ಎಂದ ಆತ. “ನೀರಿನ ಜೊತೆಗೆ?” “ಇನ್ನೂ ಸ್ವಲ್ಪ ನೀರು.” ಮಾವನಿಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು, ಗುಟ್ಟು ಕಾಯುವುದೆಂದರೆ ಹೀಗೆ.

ಬೀಜದ ಅಂಗಡಿಯ ಮುಂದೆ ದೊಡ್ಡ ಸಾಲಿತ್ತು. ಅತ್ತೆ ಸಾಲಿಗೆ ಸೇರಿಕೊಂಡು, “ಇಲ್ಲೇ ಸುತ್ತಾಡ್ತಿರಿ. ಮುಟ್ಟಬೇಡಿ” ಎಂದರು.

ಮಾವ ಮುಟ್ಟಲಿಲ್ಲ. ಮೊಲ ಸಿಗುವವರೆಗೂ ಮುಟ್ಟಲಿಲ್ಲ.

ಅದು ದಟ್ಟ ಪೊದೆಯೊಂದನ್ನು ಕತ್ತರಿಸಿ ಮಾಡಿದ ಹಸಿರು ಮೊಲ, ಎದೆಯೆತ್ತರ, ಹಿಂಗಾಲ ಮೇಲೆ ಕೂತಿತ್ತು. ಮುಂದೆ ‘ಮೊಲ’ ಎಂಬ ಬೋರ್ಡು. ಬೆನ್ನಿನ ಇಳಿಜಾರು, ಕೆನ್ನೆಯ ಉಬ್ಬು ನೋಡಿ ಮಾವ ತಲೆದೂಗಿದರು. ಆಮೇಲೆ ಕಿವಿ ನೋಡಿದರು. ಎಡಗಿವಿ ಬಲಗಿವಿಗಿಂತ ಒಂದು ಗೇಣು ಉದ್ದವಿತ್ತು. ಮಾವ ಮುಖ ತಿರುಗಿಸಿ ಗುಲಾಬಿಗಳ ಕಡೆ ಹೋದರು. ಗುಲಾಬಿಗಳಲ್ಲೂ ಆ ಕಿವಿಯೇ ಕಂಡಿತು. ವಾಪಸು ಬಂದರು. ಸುತ್ತ ಯಾರೂ ಇರಲಿಲ್ಲ. ಬೆವರು ಒರೆಸಲು ಕರ್ಚೀಫಿಗೆಂದು ಶರ್ಟಿನ ಜೇಬಿಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಪುಟ್ಟ ಕತ್ತರಿ.

ತುದಿ ಮಾತ್ರ, ಅಂದುಕೊಂಡರು. ಎಡಗಿವಿಯ ತುದಿ ತೆಗೆದರು. ಕೈ ಸ್ವಲ್ಪ ಹೆಚ್ಚಾಯಿತು. ಈಗ ಬಲಗಿವಿ ಉದ್ದ. ಅದನ್ನು ಇಳಿಸಿದರೆ ಎಡಗಿವಿ ದಪ್ಪ. ಅದನ್ನು ತೆಳು ಮಾಡಿದರೆ ಬಲಗಿವಿ ಮೊಂಡು. ಕೆಲಸದಲ್ಲಿ ಮುಳುಗಿದ ಮಾವನಿಗೆ ಹಿಂದೆ ಜನ ಸೇರಿದ್ದೂ ತಿಳಿಯಲಿಲ್ಲ. ಕೊನೆಗೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಕಿವಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮವಾಗಿದ್ದವು.

ಪಕ್ಕದಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದ ಅಜ್ಜಿಯೊಬ್ಬರು, “ಬೆಕ್ಕು ಲಕ್ಷಣವಾಗಿದೆ ಕಣಪ್ಪಾ. ಬಾಲ ಮಾತ್ರ ಯಾಕೋ ಗಿಡ್ಡ” ಎಂದರು.

ಮಾವ ಬೋರ್ಡನ್ನೊಮ್ಮೆ, ಪೊದೆಯನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ರಬ್ಬರ್ ಬೂಟಿನ ಎತ್ತರದ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ದಾರದ ಉಂಡೆ. ಮೊಲವನ್ನೂ ಮಾವನನ್ನೂ ನೋಡಿದಳು. ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿ ಅನ್ನಿಸಿತು ಮಾವನಿಗೆ.

“ಏನು ಕೆಲಸ ಮಾಡ್ತೀರಿ ನೀವು?”

“ಸಲೂನ್ ಇಟ್ಟಿದೀನಿ.”

“ಅನ್ಕೊಂಡೆ.”

“ಒಂದು ಕಿವಿ ಉದ್ದ ಇತ್ತಮ್ಮಾ. ಸಮ ಮಾಡೋಣ ಅಂತ…”

“ಆ ಕಿವಿ ಬೇಕಂತಲೇ ಉದ್ದ ಬಿಟ್ಟಿದ್ದು. ಬಗ್ಗಿಸಿ ಕಟ್ಟೋಣ ಅಂತ ದಾರ ತರೋಕೆ ಹೋಗಿದ್ದೆ. ಏನೋ ಸದ್ದು ಕೇಳಿಸ್ಕೊಂಡ ಮೊಲದ ಹಾಗೆ ಕಾಣಬೇಕಿತ್ತು. ಇನ್ನು ಸ್ವಲ್ಪ ಹೊತ್ತಿಗೆ ತೀರ್ಪುಗಾರರು ಬರ್ತಾರೆ.”

ಮಾವನ ಸ್ವಂತ ಕಿವಿಗಳು ಕೆಂಪಾದವು. “ನಂದು ತಪ್ಪಾಯ್ತು. ತೀರ್ಪುಗಾರರಿಗೆ ನಾನೇ ಹೇಳ್ತೀನಿ. ಇಲ್ಲೇ ನಿಂತಿರ್ತೀನಿ” ಎಂದರು.

ಬೀಜದ ಪೊಟ್ಟಣಗಳೊಂದಿಗೆ ಬಂದ ಅತ್ತೆ ಬೋರ್ಡು ಓದಿದರು, ಪೊದೆ ನೋಡಿದರು, ಗಂಡನ ಶರ್ಟಿಗೆ ಅಂಟಿದ ಎಲೆಚೂರು ನೋಡಿದರು.

“ಮೊಲ ಎಲ್ಲಿ?” ಎಂದರು.

ಮಾವ ಕೈಯಲ್ಲಿದ್ದ ಪುಟ್ಟ ಕತ್ತರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಅತ್ತೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಬೂಟಿನವಳ ಕಡೆ ತಿರುಗಿದರು. “ಇವರನ್ನ ಮನೇಲಿ ವಿಚಾರಿಸ್ಕೊಳ್ತೀನಿ. ಮೊದಲು ಇದನ್ನ ಬೆಕ್ಕೇ ಮಾಡಿಬಿಡೋಣ. ಬೆಕ್ಕು ಬಾಲಾನ ಮೈಗೆ ಸುತ್ಕೊಂಡು ಕೂರಲ್ವಾ? ಅದಕ್ಕೆ ಬಾಲ ಬೆಳೆಸೋದು ಬೇಕಿಲ್ಲ. ಪಕ್ಕೇಲಿ ಗೀರು ಕೊರೆದ್ರೆ ಸಾಕು.”

ಬೂಟಿನವಳು ಪೊದೆಯ ಸುತ್ತ ಒಂದು ಸುತ್ತು ಬಂದಳು. ತುಟಿ ಬಿಗಿಹಿಡಿದಿದ್ದಳು, ಅದು ಕೋಪವೋ ನಗುವೋ ಗೊತ್ತಾಗಲಿಲ್ಲ. ತನ್ನ ದೊಡ್ಡ ಕತ್ತರಿ ಹಿಡಿದು ನೋಡಿದಳು, ಗೀರಿಗೆ ಅದು ವಿಪರೀತ ದಪ್ಪ. “ಆ ಚಿಕ್ಕದು ತನ್ನಿ ಇಲ್ಲಿ” ಎಂದಳು. ಎರಡು ಸಲ ಕತ್ತರಿಸಿ ಸರಿಹೋಗದೆ, ಅದನ್ನು ಮಾವನಿಗೇ ವಾಪಸು ಕೊಟ್ಟಳು. “ನಾನು ಬೆರಳಿಟ್ಟಲ್ಲಿ ಮಾತ್ರ. ಅದರಾಚೆ ಒಂದೆಲೆ ಬಿದ್ರೂ ನೋಡಿ.”

ಬೈತಲೆ ತೆಗೆಯುವುದು ಮಾವನಿಗೆ ಹೊಸದೇ? ಆಕೆ ಬೆರಳಲ್ಲಿ ದಾರಿ ತೋರಿದಂತೆ ಸೊಂಟದಿಂದ ಮುಂಗಾಲಿನವರೆಗೆ ಸುತ್ತು ಗೀರು ಇಳಿಯಿತು, ಬಾಲ ಮೈಯಿಂದ ಬೇರ್ಪಟ್ಟು ಉಬ್ಬಿ ನಿಂತಿತು. ಅತ್ತೆ ಬೋರ್ಡನ್ನು ತಿರುಗಿಸಿ, ಶಾಲೆಯ ಕರಿಹಲಗೆಯ ದುಂಡು ಅಕ್ಷರದಲ್ಲಿ ‘ಬೆಕ್ಕು’ ಎಂದು ಬರೆದರು.

ತೀರ್ಪುಗಾರರು ಬಂದರು, ಕತ್ತು ಓರೆ ಮಾಡಿ ನೋಡಿದರು. ಒಬ್ಬರು, “ಬಾಲದ ಕೆಲಸ ನಾಜೂಕಾಗಿದೆ” ಎಂದಾಗ ಮಾವ ಬಾಯಿ ತೆರೆದರು. ಅತ್ತೆ ಗಂಡನ ಕಾಲು ತುಳಿದರು. ಮೊದಲ ಬಹುಮಾನ ಆಚೆಯ ನವಿಲಿಗೆ ಹೋಯಿತು. ಬೆಕ್ಕಿಗೆ ಬಹುಮಾನ ಬರಲಿಲ್ಲ, ಆದರೆ ಜನ ನವಿಲನ್ನು ಬಿಟ್ಟು ಅದರ ಪಕ್ಕ ನಿಂತೇ ಫೋಟೋ ತೆಗೆಸಿಕೊಂಡರು.

ಹೊರಡುವಾಗ ಬೂಟಿನವಳು ಕೊನೆಗೂ ನಕ್ಕಳು, ಆದರೆ ಬಿಟ್ಟುಕೊಡಲಿಲ್ಲ. “ನಿಮ್ಮ ಅಂಗಡಿಗೆ ರಜೆ ಯಾವತ್ತು?”

“ಮಂಗಳವಾರ.”

“ಮಂಗಳವಾರ ನಮ್ಮ ತೋಟಕ್ಕೆ ಬರ್ತೀರಿ. ನೀರು ಹಾಕ್ತೀರಿ, ಕಳೆ ಕೀಳ್ತೀರಿ. ಕತ್ತರಿ ಮುಟ್ಟೋ ಹಾಗಿಲ್ಲ.”

“ಆಗಲಿ” ಎಂದರು ಮಾವ. ಶಿಕ್ಷೆ ಕೇಳಿ ಅವರ ಮುಖ ಅರಳಿದ್ದನ್ನು ಅತ್ತೆ ಮಾತ್ರ ಗಮನಿಸಿದರು.

ಅಂದಿನಿಂದ ಅವರು ಒಂದು ಮಂಗಳವಾರವೂ ತಪ್ಪಿಸಲಿಲ್ಲ. ಚಿಗುರು ಯಾವ ಕಡೆ ಬಾಗುತ್ತದೆಂದು ತಿಂಗಳುಗಟ್ಟಲೆ ಸುಮ್ಮನೆ ನೋಡುತ್ತ ಕೂರುವಾಗ ಅವರಿಗೆ ಮೊದಮೊದಲು ಮೈಯೆಲ್ಲ ಕಡಿದಂತಾಗುತ್ತಿತ್ತು. ಬರಬರುತ್ತ ಅದೇ ರುಚಿಸಿತು. ಈಗ ತೋಟದ ಮೂಲೆಯಲ್ಲಿ ಹೊಸ ಪೊದೆಯೊಂದು ಎದ್ದಿದೆ. ಒಂಟೆ ಮಾಡೋಣ ಎನ್ನುತ್ತಾಳೆ ಬೂಟಿನವಳು. ಕುದುರೆಗೇ ಸರಿ ಎನ್ನುತ್ತಾರೆ ಮಾವ. ಪೊದೆ ಇನ್ನೂ ಮೊಣಕಾಲುದ್ದವಿದೆ, ಜಗಳಕ್ಕೆ ಬೇಕಾದಷ್ಟು ಸಮಯವಿದೆ.